ಕೋಕೋ ಬೀಜವೇ ಹಣವಾಗಿದ್ದ ಪೇಟೆ: ಅಜ್ಟೆಕ್ ವರ್ತಕರ ಲೋಕ

ವ್ಯಾಪಾರಕ್ಕೆ ಮೂಲ ಬಂಡವಾಳ ಹಣವೋ ನಂಬಿಕೆಯೋ ಎಂಬ ಪ್ರಶ್ನೆ ವರ್ತಕ ಸಮುದಾಯಕ್ಕೆ ಹೊಸದಲ್ಲ. ಐನೂರು ವರ್ಷಗಳ ಹಿಂದೆ, ಇಂದು ಮೆಕ್ಸಿಕೊ ನಗರವಿರುವ ಸ್ಥಳದಲ್ಲಿ ಬಾಳಿದ ಒಂದು ಜನಾಂಗ ಈ ಪ್ರಶ್ನೆಗೆ ತನ್ನದೇ ಆದ ಉತ್ತರವನ್ನು ಕಂಡುಕೊಂಡಿತ್ತು. ಅವರಲ್ಲಿ ಟಂಕಿಸಿದ ನಾಣ್ಯವಿರಲಿಲ್ಲ, ಸರಕನ್ನು ತೂಗಿ ಮಾರುವ ರೂಢಿಯಿರಲಿಲ್ಲ, ಹೇರು ಹೊರಲು ಎತ್ತು, ಕುದುರೆ, ಕತ್ತೆಗಳಾವುವೂ ಇರಲಿಲ್ಲ, ಗಾಡಿಯೂ ಇರಲಿಲ್ಲ. ಆದರೂ ಅವರ ಪೇಟೆಯಲ್ಲಿ ದಿನವೊಂದಕ್ಕೆ ಹತ್ತಾರು ಸಾವಿರ ಜನ ಸೇರಿ ಕೊಳ್ಳುವ, ಮಾರುವ ವ್ಯವಹಾರವನ್ನು ನಡೆಸುತ್ತಿದ್ದರು. ಅದನ್ನು ಕಣ್ಣಾರೆ ಕಂಡ ಸ್ಪೇನಿನ ಸೈನಿಕರು, ಇಂತಹ ಪೇಟೆಯನ್ನು ಯೂರೋಪಿನಲ್ಲಿಯೂ ಕಂಡಿಲ್ಲವೆಂದು ಬೆರಗಾದರು.

ಅಜ್ಟೆಕ್ ಎಂದೊಡನೆ ಸಾಮಾನ್ಯವಾಗಿ ನೆನಪಿಗೆ ಬರುವುದು ಪಿರಮಿಡ್ಡಿನಾಕಾರದ ದೇವಾಲಯಗಳು ಮತ್ತು ನರಬಲಿ. ಅವೆರಡೂ ನಿಜವೇ. ಆದರೆ ಆ ನಾಗರಿಕತೆಯ ದಿನನಿತ್ಯದ ಬದುಕನ್ನು ಹಿಡಿದು ನಿಲ್ಲಿಸಿದ್ದುದು ಪೇಟೆ. ಆ ಪೇಟೆ ಯಾವ ನಿಯಮಗಳ ಮೇಲೆ ನಡೆಯಿತು, ಅದರ ವರ್ತಕರು ಹೇಗೆ ಸಂಘಟಿತರಾಗಿದ್ದರು, ಇಷ್ಟೆಲ್ಲ ಇದ್ದೂ ಆ ಸಾಮ್ರಾಜ್ಯ ಎರಡೇ ವರ್ಷಗಳಲ್ಲಿ ಏಕೆ ಕುಸಿಯಿತು ಎಂಬ ವಿಚಾರಗಳು ಇಂದಿನ ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಮನನಯೋಗ್ಯವಾಗಿವೆ.

ಸರೋವರದ ನಡುವಿನ ರಾಜಧಾನಿ

"ಅಜ್ಟೆಕ್" ಎಂಬ ಹೆಸರು ಅವರ ಪುರಾಣಗಳು ಹೇಳುವ ಮೂಲಸ್ಥಾನವಾದ ಅಜ್ಟ್ಲಾನ್‌ನಿಂದ ಬಂದುದು. ಅವರು ತಮ್ಮನ್ನು ತಾವು "ಮೆಶೀಕಾ" ಎಂದು ಕರೆದುಕೊಳ್ಳುತ್ತಿದ್ದರು. ಮೆಕ್ಸಿಕೊ ಎಂಬ ದೇಶದ ಹೆಸರಿಗೆ ಮೂಲ ಅದೇ. ಅವರ ಭಾಷೆ ನಾವಾಟ್ಲ್. ಸಾಂಪ್ರದಾಯಿಕ ಲೆಕ್ಕದಂತೆ 1325ರ ಸುಮಾರಿಗೆ ಟೆಕ್ಸ್‌ಕೋಕೊ ಸರೋವರದ ಒಂದು ದ್ವೀಪದಲ್ಲಿ ಟೆನೊಚ್ಟಿಟ್ಲಾನ್ ಎಂಬ ಊರನ್ನು ಅವರು ಕಟ್ಟಿದರು. ಒಂದು ಶತಮಾನ ಕಳೆಯುವಷ್ಟರಲ್ಲಿ, 1428ರಲ್ಲಿ, ನೆರೆಯ ಟೆಕ್ಸ್‌ಕೋಕೊ ಮತ್ತು ಟ್ಲಾಕೋಪಾನ್ ನಗರಗಳೊಡನೆ ಕೂಡಿ ಒಂದು ಒಕ್ಕೂಟವನ್ನು ರಚಿಸಿಕೊಂಡರು. ಚರಿತ್ರೆ ಅಜ್ಟೆಕ್ ಸಾಮ್ರಾಜ್ಯವೆಂದು ಕರೆಯುವುದು ಈ ಮೂರು ನಗರಗಳ ಒಕ್ಕೂಟವನ್ನೇ.

ಸರೋವರದ ನಡುವಿನ ಊರಿಗೆ ಮೂರು ದಿಕ್ಕುಗಳಿಂದ ಒಡ್ಡುದಾರಿಗಳಿದ್ದುವು. ಕುಡಿಯುವ ನೀರು ಚಾಪುಲ್ಟೆಪೆಕ್ ಬೆಟ್ಟದ ಚಿಲುಮೆಗಳಿಂದ ಕಾಲುವೆಯ ಮೂಲಕ ಬರುತ್ತಿತ್ತು. ಸರೋವರದ ಆಳವಿಲ್ಲದ ಭಾಗಗಳಲ್ಲಿ ಕೆಸರನ್ನು ಎತ್ತಿ ಹಾಕಿ ನಿರ್ಮಿಸಿದ "ಚಿನಾಂಪ" ಎಂಬ ಹೊಲಗಳಲ್ಲಿ ಮುಸುಕಿನ ಜೋಳ, ಹುರುಳಿಕಾಯಿ, ಕುಂಬಳ, ಮೆಣಸಿನಕಾಯಿ, ಹೂವು ಬೆಳೆಯುತ್ತಿದ್ದುವು. ನಗರದ ಜನಸಂಖ್ಯೆ ಒಂದೂವರೆಯಿಂದ ಎರಡು ಲಕ್ಷದಷ್ಟಿತ್ತೆಂದು ಹಲವು ವಿದ್ವಾಂಸರ ಅಂದಾಜು.

ಆದರೆ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿರುವ ಈ ಕಣಿವೆಯಲ್ಲಿ ಹತ್ತಿ ಬೆಳೆಯದು, ಕೋಕೋ ಬೆಳೆಯದು, ರಬ್ಬರು ದೊರೆಯದು. ಇವೆಲ್ಲ ಬರಬೇಕಾದುದು ಕಡಲ ಕಡೆಯ ಬೆಚ್ಚನೆಯ ತಗ್ಗು ನಾಡುಗಳಿಂದ. ಆ ನಾಡುಗಳಿಗೆ ಬೇಕಾಗಿದ್ದುದು ಎತ್ತರದ ನಾಡಿನ ಅಬ್ಸಿಡಿಯನ್ ಎಂಬ ಗಾಜಿನಂಥ ಜ್ವಾಲಾಮುಖಿ ಕಲ್ಲಿನ ಅಲಗುಗಳು, ಕುಶಲ ಕರ್ಮಿಗಳು ಮಾಡಿದ ಆಭರಣ, ಬಟ್ಟೆಬರೆ. ಒಬ್ಬರಲ್ಲಿಲ್ಲದುದು ಮತ್ತೊಬ್ಬರಲ್ಲಿದ್ದುದೇ ಅಲ್ಲಿನ ವ್ಯಾಪಾರಕ್ಕೆ ಬುನಾದಿಯಾಯಿತು.

ಟ್ಲಾಟೆಲೋಲ್ಕೊ ಪೇಟೆ

ಟೆನೊಚ್ಟಿಟ್ಲಾನ್‌ಗೆ ಅಂಟಿಕೊಂಡಂತೆ ಉತ್ತರದಲ್ಲಿ ಟ್ಲಾಟೆಲೋಲ್ಕೊ ಎಂಬ ಅವಳಿ ನಗರವಿತ್ತು. ವ್ಯಾಪಾರವೇ ಅದರ ಜೀವಾಳ. 1473ರಲ್ಲಿ ಟೆನೊಚ್ಟಿಟ್ಲಾನ್‌ನ ದೊರೆ ಅಶಾಯಾಕಟ್ಲ್ ಯುದ್ಧದಲ್ಲಿ ಅದನ್ನು ಗೆದ್ದು ವಶಪಡಿಸಿಕೊಂಡನು. ಊರಿನ ಸ್ವಾತಂತ್ರ್ಯ ಹೋಯಿತು, ಪೇಟೆ ಮಾತ್ರ ಮುಂದುವರಿಯಿತು.

1519ರ ನವೆಂಬರ್ 8ರಂದು ಸ್ಪೇನಿನ ಹೆರ್ನಾನ್ ಕೊರ್ಟೆಸ್ ತನ್ನ ದಂಡಿನೊಡನೆ ರಾಜಧಾನಿಯನ್ನು ಪ್ರವೇಶಿಸಿದನು. ಕೆಲವು ದಿನಗಳ ನಂತರ ಅವನು ಟ್ಲಾಟೆಲೋಲ್ಕೊ ಪೇಟೆಯನ್ನು ನೋಡಿದನು. 1520ರ ಅಕ್ಟೋಬರಿನಲ್ಲಿ ಸ್ಪೇನಿನ ಚಕ್ರವರ್ತಿಗೆ ಬರೆದ ಪತ್ರದಲ್ಲಿ, ಆ ಚೌಕವು ಸಾಲಮಾಂಕಾ ನಗರದ ಚೌಕದ ಎರಡರಷ್ಟಿದೆಯೆಂದೂ, ಸುತ್ತ ಕಮಾನುಗಳ ಮೊಗಸಾಲೆಯಿದೆಯೆಂದೂ, ಪ್ರತಿದಿನ ಅರವತ್ತು ಸಾವಿರಕ್ಕೂ ಮೀರಿದ ಜನ ಅಲ್ಲಿ ಸೇರುತ್ತಾರೆಂದೂ ಆತ ತಿಳಿಸಿದ್ದಾನೆ. ಹೆಸರು ತಿಳಿಯದ ಮತ್ತೊಬ್ಬ ಸ್ಪೇನಿನವನ ಬರಹವೊಂದು, ಸಾಮಾನ್ಯ ದಿನಗಳಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ಸಾವಿರ, ಐದು ದಿನಗಳಿಗೊಮ್ಮೆ ನಡೆಯುವ ದೊಡ್ಡ ಸಂತೆಯಲ್ಲಿ ನಲವತ್ತರಿಂದ ಐವತ್ತು ಸಾವಿರ ಎಂದು ಹೇಳುತ್ತದೆ. ಲೆಕ್ಕ ಬೇರೆಯಾದರೂ ಬೆರಗು ಒಂದೇ. ಕೊರ್ಟೆಸನ ಸೈನಿಕ ಬೆರ್ನಾಲ್ ಡಿಯಾಸ್ ಮುಂದೆ ಬರೆದ ಗ್ರಂಥದಲ್ಲಿ, ರೋಮ್ ಮತ್ತು ಕಾನ್‌ಸ್ಟಾಂಟಿನೋಪಲ್ ನಗರಗಳನ್ನು ಕಂಡಿದ್ದ ಸಂಗಾತಿಗಳೂ ಇಷ್ಟು ದೊಡ್ಡದಾದ, ಇಷ್ಟು ವ್ಯವಸ್ಥಿತವಾದ ಪೇಟೆಯನ್ನು ನೋಡಿರಲಿಲ್ಲವೆಂದು ಹೇಳಿದುದನ್ನು ದಾಖಲಿಸಿದ್ದಾನೆ.

ಸರಕಿಗೊಂದು ಬೀದಿ ಎಂಬುದು ಅಲ್ಲಿನ ನಿಯಮ. ಕೋಳಿ, ಕ್ವೇಲ್, ಬಾತು ಮಾರುವವರ ಬೀದಿ ಒಂದು. ಗಿಡಮೂಲಿಕೆ ಮತ್ತು ಔಷಧಿಗಳ ಬೀದಿ ಮತ್ತೊಂದು. ಹತ್ತಿ ನೂಲು ಬಣ್ಣಬಣ್ಣದ ಲಡಿಗಳಲ್ಲಿ ದೊರೆಯುತ್ತಿತ್ತು. ಜೇನುತುಪ್ಪ, ಉಪ್ಪು, ಮಡಕೆ, ಚಾಪೆ, ಚರ್ಮ, ಸುಣ್ಣ, ಕಟ್ಟಿಗೆ, ಚಿನ್ನ ಬೆಳ್ಳಿಯ ಒಡವೆ, ಹಕ್ಕಿಯ ಗರಿ ಎಲ್ಲಕ್ಕೂ ಗೊತ್ತಾದ ಜಾಗವಿತ್ತು. ತಲೆ ತೊಳೆದು ಕ್ಷೌರ ಮಾಡುವ ಅಂಗಡಿಗಳಿದ್ದುವು, ಬೇಯಿಸಿದ ಆಹಾರ ಮಾರುವ ಅಂಗಡಿಗಳಿದ್ದುವು, ಕೊಂಡ ಸರಕನ್ನು ಮನೆಗೆ ಮುಟ್ಟಿಸುವ ಹಮಾಲರಿದ್ದರು. ಮಾರುವವರಲ್ಲಿ ಹೆಂಗಸರ ಸಂಖ್ಯೆಯೂ ದೊಡ್ಡದಾಗಿತ್ತು. ಗುಲಾಮರನ್ನು ಮಾರುವ ಜಾಗವೂ ಅಲ್ಲಿತ್ತೆಂಬುದನ್ನು ಮರೆಯುವಂತಿಲ್ಲ.

ಬೀಜವೇ ಚಿಲ್ಲರೆ, ಬಟ್ಟೆಯೇ ನೋಟು

ಈ ಪೇಟೆಯ ಚಿಲ್ಲರೆ ಹಣ ಕೋಕೋ ಬೀಜ. ಒಣಗಿಸಿದ ಬೀಜ ಚಿಕ್ಕದು, ಎಣಿಸಲು ಸುಲಭ, ಕೆಲವು ಕಾಲ ಕೆಡದೆ ಇರುತ್ತದೆ; ಎಲ್ಲಕ್ಕಿಂತ ಮುಖ್ಯವಾಗಿ, ಬೇಡವೆನ್ನುವವರಿಲ್ಲ. ಅದನ್ನು ಅರೆದು ನೊರೆಯೆಬ್ಬಿಸಿ ಮಾಡಿದ ಪಾನೀಯ ಅರಸರ, ಸಿರಿವಂತರ, ಯೋಧರ ಗೌರವದ ಪಾನೀಯ. ಹಣವನ್ನು ಖರ್ಚು ಮಾಡಲೂಬಹುದು, ಅರೆದು ಕುಡಿಯಲೂಬಹುದು.

ಅವರ ಎಣಿಕೆ ಇಪ್ಪತ್ತರ ಲೆಕ್ಕದ್ದು. ಇಪ್ಪತ್ತು ಇಪ್ಪತ್ತಲಿ ನಾನೂರು. ನಾನೂರು ಇಪ್ಪತ್ತಲಿ ಎಂಟು ಸಾವಿರ. ಎಂಟು ಸಾವಿರ ಬೀಜಗಳ ಚೀಲಕ್ಕೆ "ಶಿಕಿಪಿಲ್ಲಿ" ಎಂದು ಹೆಸರು. ಅಂತಹ ಮೂರು ಚೀಲ, ಅಂದರೆ 24,000 ಬೀಜ, ಒಬ್ಬ ಹಮಾಲನ ಒಂದು ಹೇರು.

ದೊಡ್ಡ ವ್ಯವಹಾರಕ್ಕೆ "ಕ್ವಾಚ್ಟ್ಲಿ" ಎಂಬ ಬಿಳಿಯ ಹತ್ತಿಬಟ್ಟೆಯ ಹೊದಿಕೆಗಳು ಹಣವಾಗಿ ಬಳಕೆಯಾಗುತ್ತಿದ್ದುವು. ಅವುಗಳಲ್ಲಿಯೂ ದರ್ಜೆಗಳಿದ್ದುವು, ಗುಣಮಟ್ಟಕ್ಕೆ ತಕ್ಕಂತೆ ಒಂದೊಂದರ ಬೆಲೆ 65, 80 ಅಥವಾ 100 ಕೋಕೋ ಬೀಜ. ಇದಲ್ಲದೆ ಹಕ್ಕಿಯ ಗರಿಯ ಟೊಳ್ಳು ದಂಟಿನಲ್ಲಿ ತುಂಬಿದ ಚಿನ್ನದ ಪುಡಿಯೂ, ತಾಮ್ರದ ತೆಳು ಕೊಡಲಿಯಾಕಾರದ ತುಂಡುಗಳೂ ವಿನಿಮಯಕ್ಕೆ ಒದಗುತ್ತಿದ್ದುವು.

ಸ್ಪೇನಿನ ಆಡಳಿತ ಬಂದ ಮೇಲೂ ಈ ಪದ್ಧತಿ ನಿಲ್ಲಲಿಲ್ಲ. 1545ರಲ್ಲಿ ಟ್ಲಾಶ್ಕಾಲಾ ಪಟ್ಟಣದಲ್ಲಿ ನಾವಾಟ್ಲ್ ಭಾಷೆಯಲ್ಲಿ ಬರೆದಿಟ್ಟ ಒಂದು ದರಪಟ್ಟಿ ಉಳಿದುಬಂದಿದೆ. ಅದರಂತೆ ಒಂದು ದೊಡ್ಡ ಟೊಮೆಟೊ ಹಣ್ಣಿಗೆ ಒಂದು ಬೀಜ, ಟರ್ಕಿ ಕೋಳಿಯ ಒಂದು ಮೊಟ್ಟೆಗೆ ಮೂರು ಬೀಜ. ಆಗತಾನೆ ಕೊಯ್ದ ಬೆಣ್ಣೆಹಣ್ಣಿಗೆ ಮೂರು ಬೀಜವಾದರೆ, ಪೂರ್ತಿ ಮಾಗಿದ ಹಣ್ಣಿಗೆ ಒಂದೇ. ಇಟ್ಟುಕೊಳ್ಳಲಾಗದ ಸರಕಿನ ಬೆಲೆ ಇಳಿಯುವುದು ಎಲ್ಲ ಕಾಲಕ್ಕೂ ಸಮಾನ. ಒಂದು ಒಳ್ಳೆಯ ಟರ್ಕಿ ಹೆಣ್ಣುಕೋಳಿಗೆ ಗಟ್ಟಿ ತುಂಬಿದ ಬೀಜವಾದರೆ 100, ಸುಕ್ಕುಗಟ್ಟಿದ ಬೀಜವಾದರೆ 120. ಹಣದಲ್ಲಿಯೇ ಉತ್ತಮ ಮಧ್ಯಮಗಳ ದರ್ಜೆಯಿತ್ತು. ಆ ವ್ಯತ್ಯಾಸಕ್ಕೆ ಬಟ್ಟ ಎಷ್ಟೆಂಬುದೂ ನಿಗದಿಯಾಗಿತ್ತು.

ಖೋಟಾ ಬೀಜ ಮತ್ತು ಪೇಟೆಯ ನ್ಯಾಯಪೀಠ

ಹಣವಿದ್ದಲ್ಲಿ ಖೋಟಾ ಹಣವೂ ಇರುತ್ತದೆ. ಫ್ರಾನ್ಸಿಸ್ಕನ್ ಸಂನ್ಯಾಸಿ ಬೆರ್ನಾರ್ಡಿನೊ ಡಿ ಸಹಗುನ್ ಹದಿನಾರನೆಯ ಶತಮಾನದಲ್ಲಿ ಸ್ಥಳೀಯ ಹಿರಿಯರನ್ನೂ ವಿದ್ಯಾವಂತ ಯುವಕರನ್ನೂ ಕೂಡಿಸಿಕೊಂಡು, ಅವರದೇ ಭಾಷೆಯಲ್ಲಿ ಅವರ ಬದುಕಿನ ವಿವರಗಳನ್ನು ಹನ್ನೆರಡು ಸಂಪುಟಗಳಲ್ಲಿ ಸಂಗ್ರಹಿಸಿದನು. ಈಗ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಸುರಕ್ಷಿತವಾಗಿರುವ ಆ ಹಸ್ತಪ್ರತಿಯಲ್ಲಿ ಒಳ್ಳೆಯ ವ್ಯಾಪಾರಿ ಯಾರು, ಕೆಟ್ಟ ವ್ಯಾಪಾರಿ ಯಾರು ಎಂಬುದನ್ನು ಸರಕು ಸರಕಿಗೂ ಬಿಡಿಸಿ ಹೇಳಲಾಗಿದೆ.

ಅದರ ಪ್ರಕಾರ ಒಳ್ಳೆಯ ಕೋಕೋ ವ್ಯಾಪಾರಿ ಬೀಜಗಳನ್ನು ದರ್ಜೆಗನುಗುಣವಾಗಿ ಬೇರ್ಪಡಿಸಿ ಮಾರುವವನು. ಕೆಟ್ಟ ವ್ಯಾಪಾರಿಯ ಕೈಚಳಕ ಅನೇಕ ಬಗೆಯದು. ಅವನು ಬೀಜವನ್ನು ಬಿಸಿ ಬೂದಿಯಲ್ಲಿ ಹುರಿದು ಉಬ್ಬಿಸುತ್ತಾನೆ. ಹಸಿಯ ಬೀಜಕ್ಕೆ ಬಿಳುಪು ಬರಿಸಿ ಬಲಿತ ಬೀಜವೆಂದು ಸಾಗಿಸುತ್ತಾನೆ. ಇನ್ನೂ ಮುಂದೆ ಹೋಗಿ, ದಂಟಿನ ಬೀಜದ ಹಿಟ್ಟಿನ ಕಣಕವನ್ನೋ, ಮೇಣವನ್ನೋ, ಬೆಣ್ಣೆಹಣ್ಣಿನ ಓಟೆಯ ಚೂರನ್ನೋ ಕೋಕೋ ಬೀಜದ ಸಿಪ್ಪೆಯೊಳಗೆ ತುಂಬಿ, ನಿಜವಾದ ಬೀಜಗಳ ನಡುವೆ ಬೆರೆಸುತ್ತಾನೆ. ಕಲಬೆರಕೆಯ ವಿದ್ಯೆಗೆ ದೇಶಕಾಲಗಳ ಮಿತಿಯಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇದಕ್ಕೆ ಪೇಟೆ ಕಂಡುಕೊಂಡ ಮದ್ದು ಎರಡು ಬಗೆಯದು: ಬಹಿರಂಗ ತಪಾಸಣೆ ಮತ್ತು ತತ್‌ಕ್ಷಣದ ನ್ಯಾಯ. ಸಂತೆಯ ಚೌಕದಲ್ಲಿಯೇ ಒಂದು ಕಟ್ಟಡದಲ್ಲಿ ಹತ್ತು ಹನ್ನೆರಡು ಮಂದಿ ನ್ಯಾಯಾಧೀಶರು ಸದಾ ಕುಳಿತಿದ್ದು, ಪೇಟೆಯಲ್ಲಿ ಹುಟ್ಟುವ ತಕರಾರುಗಳನ್ನು ಅಲ್ಲಿಯೇ ತೀರ್ಮಾನಿಸುತ್ತಿದ್ದರೆಂದು ಕೊರ್ಟೆಸ್ ಬರೆಯುತ್ತಾನೆ. ಇವರಲ್ಲದೆ ಕೆಲವು ಅಧಿಕಾರಿಗಳು ಜನರ ನಡುವೆ ತಿರುಗಾಡುತ್ತ, ಏನು ಮಾರಾಟವಾಗುತ್ತಿದೆ, ಯಾವ ಅಳತೆಯಿಂದ ಅಳೆಯಲಾಗುತ್ತಿದೆ ಎಂಬುದನ್ನು ನೋಡುತ್ತಿದ್ದರು. ಎಲ್ಲ ಸರಕೂ ಎಣಿಕೆಯಿಂದ ಇಲ್ಲವೆ ಅಳತೆಯಿಂದ ಮಾರಾಟವಾಗುತ್ತಿದ್ದ ಪೇಟೆಯಲ್ಲಿ ಅಳತೆಯ ಪಾತ್ರೆಯೇ ಸರ್ವಸ್ವ. ಸುಳ್ಳು ಅಳತೆಯೊಂದು ಸಿಕ್ಕಾಗ ಅದನ್ನು ಅಧಿಕಾರಿಗಳು ಒಡೆದುಹಾಕಿದುದನ್ನು ಸ್ಪೇನಿನವರು ಕಂಡಿದ್ದರು. ಪೇಟೆಯಲ್ಲಿ ಕಳವು ಮಾಡಿದವನಿಗೆ ಶಿಕ್ಷೆ ಮರಣ.

ಪೇಟೆಗೆ ಹೋಗುವ ಹಾದಿಯಲ್ಲಿ, ಪೇಟೆಯ ಹೊರಗೆ ಸರಕನ್ನು ಮಾರಬಾರದೆಂಬ ಕಟ್ಟಳೆಯೂ ಇತ್ತೆಂದು ಅದೇ ಶತಮಾನದ ಮತ್ತೊಬ್ಬ ಸಂನ್ಯಾಸಿ ಡಿಯೆಗೊ ದುರಾನ್ ತಿಳಿಸುತ್ತಾನೆ. ಸಂತೆಯ ದೇವತೆಯ ಕೋಪಕ್ಕೆ ಹೆದರಿ ಜನ ಇದನ್ನು ಪಾಲಿಸುತ್ತಿದ್ದರು. ಎಲ್ಲರೂ ಒಂದೆಡೆ, ಎಲ್ಲರ ಕಣ್ಣೆದುರು ಮಾರಿದರೆ ಮಾತ್ರ ಧಾರಣೆ ಎಲ್ಲರಿಗೂ ತಿಳಿಯುತ್ತದೆ, ಮೋಸವೂ ಬೇಗ ಹೊರಬೀಳುತ್ತದೆ.

ಪೊಚ್ಟೆಕಾ: ದೂರದೇಶದ ವರ್ತಕರು

ಪೇಟೆಯ ಚಿಲ್ಲರೆ ಮಾರಾಟಗಾರರಿಗಿಂತ ಭಿನ್ನವಾದ ಒಂದು ವರ್ಗ ಪೊಚ್ಟೆಕಾ ಎಂಬ ದೂರಸಂಚಾರಿ ವರ್ತಕರದು. ಮೆಕ್ಸಿಕೊ ಕಣಿವೆಯ ಹನ್ನೆರಡು ಊರುಗಳಲ್ಲಿ ಇವರ ಸಂಘಗಳಿದ್ದುವು. ಸದಸ್ಯತ್ವ ಬಹುಮಟ್ಟಿಗೆ ತಂದೆಯಿಂದ ಮಗನಿಗೆ ಬರುತ್ತಿತ್ತು. ಇವರು ತಮ್ಮದೇ ಕೇರಿಗಳಲ್ಲಿ ವಾಸಿಸುತ್ತಿದ್ದರು. ತಮ್ಮವರ ತಪ್ಪುಗಳನ್ನು ತಮ್ಮದೇ ಹಿರಿಯರ ಮುಂದೆ ವಿಚಾರಿಸಿ ಶಿಕ್ಷಿಸುವ ಅಧಿಕಾರವೂ ಅವರಿಗಿತ್ತು. ಅವರ ಕುಲದೈವ ಯಾಕಟೆಕುಟ್ಲಿ, ಅಂದರೆ ಮುಂದೆ ನಡೆಯುವ ಒಡೆಯ. ಪ್ರಯಾಣದಲ್ಲಿ ಪ್ರತಿರಾತ್ರಿ ತಮ್ಮ ಊರುಗೋಲುಗಳನ್ನು ಒಟ್ಟುಗೂಡಿಸಿ ಕಟ್ಟಿ ನಿಲ್ಲಿಸಿ, ಅದನ್ನೇ ದೇವರೆಂದು ಪೂಜಿಸುತ್ತಿದ್ದರು.

ಹೊರಡಲು ಶುಭದಿನ ನೋಡುತ್ತಿದ್ದರು. "ಒಂದು ಸರ್ಪ" ಎಂಬ ಹೆಸರಿನ ದಿನ ಪ್ರಯಾಣಕ್ಕೆ ಪ್ರಶಸ್ತವಾಗಿತ್ತು. ಹೊರಡುವ ಮುನ್ನ ಕೂದಲು ಕತ್ತರಿಸಿ ತಲೆ ತೊಳೆದುಕೊಂಡರೆ, ಮತ್ತೆ ಮನೆ ಸೇರುವವರೆಗೆ ಅದಿಲ್ಲ. ಹಿರಿಯ ವರ್ತಕರು ಕಿರಿಯರನ್ನು ಕೂರಿಸಿಕೊಂಡು ದಾರಿಯ ಕಷ್ಟಗಳನ್ನೂ ನಡತೆಯ ನಿಯಮಗಳನ್ನೂ ಹೇಳಿ ಕಳುಹಿಸುತ್ತಿದ್ದರು. ಸ್ವತಃ ಪ್ರಯಾಣ ಮಾಡಲಾಗದ ಹಿರಿಯರೂ, ವರ್ತಕ ಮನೆತನದ ಹೆಂಗಸರೂ ತಮ್ಮ ಸರಕನ್ನು ಹೋಗುವವರ ಕೈಯಲ್ಲಿ ಕೊಟ್ಟು, ಬಂದ ಲಾಭದಲ್ಲಿ ಪಾಲು ಪಡೆಯುತ್ತಿದ್ದರು. ನಂಬಿಕೆಯ ಹೊರತು ಮತ್ತಾವ ಭದ್ರತೆಯೂ ಈ ವ್ಯವಹಾರಕ್ಕಿರಲಿಲ್ಲ.

ಸರಕು ಸಾಗಿಸುವವರು "ಟ್ಲಮೆಮೆ" ಎಂಬ ವೃತ್ತಿನಿರತ ಹಮಾಲರು. ಹಣೆಗೆ ಪಟ್ಟಿ ಕಟ್ಟಿ ಬೆನ್ನಿನ ಮೇಲೆ ಸುಮಾರು 23 ಕಿಲೋಗ್ರಾಂ ಹೇರನ್ನು ಹೊತ್ತು ದಿನಕ್ಕೆ ಐದು ಹರದಾರಿ ನಡೆಯುವುದು ಅವರ ರೂಢಿ ಎಂದು ಬೆರ್ನಾಲ್ ಡಿಯಾಸ್ ಹೇಳುತ್ತಾನೆ. ಹೊರೆ ಇಷ್ಟು ಚಿಕ್ಕದಾದಾಗ ಧಾನ್ಯದಂತಹ ಭಾರದ ಸರಕನ್ನು ಬಹುದೂರ ಒಯ್ಯುವುದು ಲಾಭಕರವಲ್ಲ. ಆದುದರಿಂದಲೇ ಪೊಚ್ಟೆಕಾಗಳು ಹಗುರವಾದ, ಬೆಲೆಬಾಳುವ ಸರಕುಗಳನ್ನೇ ನೆಚ್ಚಿಕೊಂಡರು: ಕ್ವೆಟ್ಜಾಲ್ ಹಕ್ಕಿಯ ಹಸಿರು ಗರಿ, ಪಚ್ಚೆಕಲ್ಲು, ಚಿನ್ನ, ಅಂಬರು, ಕೋಕೋ. ಕಡುಗೆಂಪು ಬಣ್ಣ ಕೊಡುವ ಕೊಚಿನೀಲ್ ಎಂಬ ಒಣಗಿಸಿದ ಕೀಟ, ಪಟಕ, ಮೊಲದ ತುಪ್ಪುಳ, ಸೂಜಿ, ಅಬ್ಸಿಡಿಯನ್ ಅಲಗು ಮುಂತಾದುವನ್ನು ಅವರು ಮಾರಾಟಕ್ಕೆ ಒಯ್ಯುತ್ತಿದ್ದರು.

ಎಲ್ಲ ಸಂಘಗಳ ವರ್ತಕರೂ ಸೇರುವ ತಾಣ ಟೊಚ್ಟೆಪೆಕ್. ಅಲ್ಲಿಂದ ಮುಂದೆ, ಸಾಮ್ರಾಜ್ಯದ ಎಲ್ಲೆಯಾಚೆಗೆ ಹೋಗುವ ಹಕ್ಕು ಆಯ್ದ ಕೆಲವು ಊರುಗಳವರಿಗೆ ಮಾತ್ರ. ಒಂದು ಕವಲು ಗಲ್ಫ್ ಕರಾವಳಿಯ ಶಿಕಲಾಂಕೊ ಕಡೆಗೆ, ಇನ್ನೊಂದು ಶಾಂತಸಾಗರದ ದಂಡೆಯ ಕಡೆಗೆ. ದೊರೆ ಅಹುಯಿಟ್ಜೋಟ್ಲ್ (1486–1502) ತನ್ನ ಕಡೆಯಿಂದ 1,600 ಕ್ವಾಚ್ಟ್ಲಿಗಳನ್ನು ಬಂಡವಾಳವಾಗಿ ಕೊಟ್ಟು, ಅದನ್ನು ಟೆನೊಚ್ಟಿಟ್ಲಾನ್ ಮತ್ತು ಟ್ಲಾಟೆಲೋಲ್ಕೊ ವರ್ತಕರಿಗೆ ಸಮನಾಗಿ ಹಂಚಿದ ಪ್ರಸಂಗವನ್ನು ಸಹಗುನ್ ದಾಖಲಿಸಿದ್ದಾನೆ.

ವರ್ತಕನೂ ಅರಸನೂ

ಅರಸನ ಬಂಡವಾಳಕ್ಕೆ ಋಣವೂ ಅಂಟಿಕೊಂಡಿತ್ತು. ಪೊಚ್ಟೆಕಾಗಳಲ್ಲಿ ಕೆಲವರು ಶತ್ರುನಾಡುಗಳಿಗೆ ಅಲ್ಲಿಯವರ ವೇಷದಲ್ಲಿ, ಅಲ್ಲಿಯವರ ಮಾತನ್ನು ಕಲಿತು ಹೋಗಿ, ಆ ನಾಡಿನ ಸಂಪತ್ತು, ದಾರಿ, ಬಲಾಬಲಗಳನ್ನು ತಿಳಿದು ಬಂದು ಅರಸನಿಗೆ ವರದಿ ಮಾಡುತ್ತಿದ್ದರು. ಗುರುತು ಬಯಲಾದರೆ ಅಲ್ಲಿಯೇ ಸಾವು. ವರ್ತಕರ ಕೊಲೆ ಅನೇಕ ವೇಳೆ ಯುದ್ಧಕ್ಕೆ ಕಾರಣವಾಯಿತು. ಅಹುಯಿಟ್ಜೋಟ್ಲ್‌ನ ಕಾಲದಲ್ಲಿ ಅಯೋಟ್ಲಾನ್ ಎಂಬಲ್ಲಿ ಶತ್ರುಗಳು ವರ್ತಕರ ತಂಡವನ್ನು ಮುತ್ತಿದಾಗ, ವರ್ತಕರೇ ಆಯುಧ ಹಿಡಿದು ನಾಲ್ಕು ವರ್ಷ ಹೋರಾಡಿ ಗೆದ್ದರೆಂದೂ, ಅವರು ಮರಳಿದಾಗ ದೊರೆ ಉಡುಗೊರೆಗಳಿತ್ತು ಮನ್ನಿಸಿದನೆಂದೂ ಸಹಗುನ್‌ಗೆ ಹಿರಿಯರು ಹೇಳಿದರು.

ಇಷ್ಟಾದರೂ ಆ ಸಮಾಜದಲ್ಲಿ ಮೊದಲ ಮನ್ನಣೆ ಯೋಧನಿಗೆ, ವರ್ತಕನಿಗಲ್ಲ. ಸಂಪತ್ತು ಕಣ್ಣಿಗೆ ಬಿದ್ದರೆ ಅಪಾಯ. ಆದುದರಿಂದ ಊರೂರು ಸುತ್ತಿ ಧನ ಗಳಿಸಿದ ವರ್ತಕ ಹಗಲಿನಲ್ಲಿ ಊರು ಸೇರುತ್ತಿರಲಿಲ್ಲ. ರಾತ್ರಿ ದೋಣಿಯಲ್ಲಿ ಬಂದು, ಸರಕನ್ನು ತನ್ನ ಮನೆಗೆ ಒಯ್ಯದೆ ನಂಟರ ಮನೆಯಲ್ಲಿ ಇಳಿಸುತ್ತಿದ್ದನು; ಕೇಳಿದವರಿಗೆ, ಇದು ನನ್ನದಲ್ಲ, ಹಿರಿಯ ವರ್ತಕರದು ಎನ್ನುತ್ತಿದ್ದನು. ಬೀದಿಯಲ್ಲಿ ಕತ್ತಾಳೆ ನಾರಿನ ಸಾಧಾರಣ ಹೊದಿಕೆ ಹೊದ್ದು ತಲೆ ತಗ್ಗಿಸಿ ನಡೆಯುವುದೇ ಅವನ ರೀತಿ. ಅಹಂಕಾರ ತೋರಿದ ವರ್ತಕರ ಮೇಲೆ ಏನಾದರೊಂದು ನೆಪ ಹೊರಿಸಿ, ಅವರನ್ನು ಕೊಲ್ಲಿಸಿ, ಅವರ ಆಸ್ತಿಯನ್ನು ಯೋಧರಿಗೆ ಹಂಚಿದ ಅರಸರೂ ಇದ್ದರು. ಸಂಘದೊಳಗೆ ಮೇಲೇರಬೇಕಾದರೆ ವರ್ತಕನು ಭಾರಿ ಔತಣಗಳನ್ನು ಕೊಡಬೇಕಾಗಿತ್ತು. ಅವುಗಳಲ್ಲಿ ಅತ್ಯುಚ್ಚವೆನಿಸಿದ ಹಬ್ಬದಲ್ಲಿ ಹಣ ಕೊಟ್ಟು ಕೊಂಡ ಗುಲಾಮರನ್ನು ಬಲಿಕೊಡುವುದೂ ಸೇರಿತ್ತು. ಅಳತೆಯಲ್ಲಿ ಅಷ್ಟು ನಿಷ್ಠುರವಾಗಿದ್ದ ಲೋಕದಲ್ಲಿ ಮನುಷ್ಯನ ಪ್ರಾಣವೂ ಬೆಲೆ ಕಟ್ಟಿದ ಸರಕಾಗಿತ್ತೆಂಬುದು ಈ ಚರಿತ್ರೆಯ ಕಹಿ ಭಾಗ.

ಕಪ್ಪ ಮತ್ತು ದಿಗ್ಬಂಧನ

ಪೇಟೆಯ ಪಕ್ಕದಲ್ಲಿಯೇ ಮತ್ತೊಂದು ವ್ಯವಸ್ಥೆ ನಡೆಯುತ್ತಿತ್ತು. ಅದು ಕಪ್ಪದ ವಸೂಲಿ. 1541ರ ಸುಮಾರಿಗೆ ಸಿದ್ಧವಾದ, ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿರುವ "ಕೋಡೆಕ್ಸ್ ಮೆಂಡೋಸಾ" ಎಂಬ ಚಿತ್ರಗ್ರಂಥದಲ್ಲಿ ಯಾವ ಪ್ರಾಂತ ಏನೇನು ಸಲ್ಲಿಸಬೇಕೆಂಬ ಲೆಕ್ಕವಿದೆ. ಟೊಚ್ಟೆಪೆಕ್ ಪ್ರಾಂತ ಇತರ ವಸ್ತುಗಳೊಡನೆ 16,000 ರಬ್ಬರು ಚೆಂಡುಗಳನ್ನೂ 200 ಹೇರು ಕೋಕೋವನ್ನೂ ಕೊಡಬೇಕು. ಶಾಂತಸಾಗರದ ದಂಡೆಯ ದೂರದ ಶೊಕೊನೊಚ್ಕೊ ಪ್ರಾಂತವೂ 200 ಹೇರು ಕೋಕೋ ಕೊಡಬೇಕು. 200 ಹೇರೆಂದರೆ 48 ಲಕ್ಷ ಬೀಜ. ಇನ್ನೂರು ಹಮಾಲರ ಬೆನ್ನು.

ವ್ಯಾಪಾರದಲ್ಲಿ ಕೊಟ್ಟವನಿಗೂ ಏನಾದರೂ ದೊರೆಯುತ್ತದೆ. ಕಪ್ಪದಲ್ಲಿ ಹಾಗಿಲ್ಲ. ಗೆದ್ದ ನಾಡುಗಳ ಜನ ವರ್ಷದಿಂದ ವರ್ಷಕ್ಕೆ ಬಟ್ಟೆ ನೇಯ್ದು, ಬೀಜ ಕಟ್ಟಿ, ರಾಜಧಾನಿಗೆ ಕಳುಹಿಸುತ್ತಲೇ ಇದ್ದರು. ಅವರಲ್ಲಿ ಒಳಗೊಳಗೇ ಹೊಗೆಯಾಡುತ್ತಿದ್ದ ಅಸಮಾಧಾನವನ್ನು ಕಾಣಲು ರಾಜಧಾನಿಗೆ ಬಿಡುವಿರಲಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ಟ್ಲಾಶ್ಕಾಲಾದ ವಿಷಯದಲ್ಲಿ ನಡೆಯಿತು. ಸಾಮ್ರಾಜ್ಯದ ನಡುವೆಯೇ ಸೋಲದೆ ಉಳಿದಿದ್ದ ಈ ಪುಟ್ಟ ರಾಜ್ಯವನ್ನು ಮಣಿಸಲು ಅಜ್ಟೆಕ್ ಅರಸರು ದಶಕಗಳ ಕಾಲ ಸುತ್ತಲಿನ ದಾರಿಗಳನ್ನು ಮುಚ್ಚಿದರು. ಅದರ ನೆಲದಲ್ಲಿ ಉಪ್ಪು ದೊರೆಯದು, ಹತ್ತಿ ಬೆಳೆಯದು. ಉಪ್ಪಿಲ್ಲದ ಊಟ, ಹತ್ತಿಯಿಲ್ಲದ ಉಡುಗೆ ಒಂದು ತಲೆಮಾರಿನ ಜನರಿಗೆ ಸಹಜವಾಗಿಹೋಯಿತು. ಈ ಕೊರತೆಯನ್ನು ಟ್ಲಾಶ್ಕಾಲಾದವರು ಕೊರ್ಟೆಸನೆದುರು ಹೇಳಿಕೊಂಡರು; ಆ ಮಾತು ಅವನ ಪತ್ರದಲ್ಲಿ ದಾಖಲಾಗಿದೆ.

1519ರಲ್ಲಿ ಕೊರ್ಟೆಸನೊಡನೆ ಬಂದಿಳಿದ ಸೈನಿಕರು ಐನೂರರ ಆಸುಪಾಸು. ಟ್ಲಾಶ್ಕಾಲಾ ಮೊದಲು ಅವನೊಡನೆ ಕಾದಾಡಿ, ಅನಂತರ ಕೈಜೋಡಿಸಿತು. ಕಪ್ಪದ ಭಾರದಿಂದ ಬೇಸತ್ತಿದ್ದ ಕರಾವಳಿಯ ಟೊಟೊನಾಕ್ ಜನರೂ, ಮುಂದೆ ಟೆಕ್ಸ್‌ಕೋಕೊ ನಗರದ ಒಂದು ಬಣವೂ ಜೊತೆಗೂಡಿದುವು. 1520ರಲ್ಲಿ ಸ್ಪೇನಿನವರೊಡನೆ ಬಂದ ಸಿಡುಬು ಊರಿಗೆ ಊರನ್ನೇ ಬರಿದು ಮಾಡಿತು; ಅದನ್ನು ತಡೆದುಕೊಳ್ಳುವ ಶಕ್ತಿ ಆ ಜನರ ದೇಹಕ್ಕಿರಲಿಲ್ಲ. 1521ರ ಮುತ್ತಿಗೆಯಲ್ಲಿ ಸ್ಪೇನಿನವರ ಪಕ್ಕದಲ್ಲಿ ನಿಂತು ಹೋರಾಡಿದವರು ಹತ್ತಾರು ಸಾವಿರ ಸ್ಥಳೀಯ ಯೋಧರು. ಮುತ್ತಿಗೆ ಹಾಕಿದವರು ಕುಡಿಯುವ ನೀರಿನ ಕಾಲುವೆಯನ್ನು ಒಡೆದರು, ಒಡ್ಡುದಾರಿಗಳನ್ನು ಹಿಡಿದರು. ದಶಕಗಳ ಕಾಲ ನೆರೆಯವರ ದಾರಿ ಕಟ್ಟಿದ್ದ ನಗರದ ದಾರಿಯನ್ನು ಆ ನೆರೆಯವರೇ ಕಟ್ಟಿದಂತಾಯಿತು. ಕೊನೆಯ ಕದನಗಳು ನಡೆದುದು ಟ್ಲಾಟೆಲೋಲ್ಕೊದ ಪೇಟೆಯ ಆವರಣದಲ್ಲಿ. 1521ರ ಆಗಸ್ಟ್ 13ರಂದು ಕೊನೆಯ ದೊರೆ ಕ್ವೌಟೆಮೋಕ್ ಸೆರೆಸಿಕ್ಕನು.

ಉಳಿದು ಬಂದುದು

ಸಾಮ್ರಾಜ್ಯ ಅಳಿಯಿತು. ಸಂತೆ ಅಳಿಯಲಿಲ್ಲ. ನಾವಾಟ್ಲ್ ಭಾಷೆಯಲ್ಲಿ ಪೇಟೆಗೆ "ಟಿಯಾಂಕಿಸ್ಟ್ಲಿ" ಎಂದು ಹೆಸರು. ಇಂದಿಗೂ ಮೆಕ್ಸಿಕೊ ದೇಶದಲ್ಲಿ ಬೀದಿಬದಿಯ ವಾರದ ಸಂತೆಯನ್ನು "ಟಿಯಾಂಗಿಸ್" ಎಂದೇ ಕರೆಯುತ್ತಾರೆ. ಕೋಕೋ ಬೀಜವೂ ಸ್ಪೇನಿನ ಆಡಳಿತದಲ್ಲಿ ಬಹುಕಾಲ ಚಿಲ್ಲರೆ ಹಣವಾಗಿ ಚಲಾವಣೆಯಲ್ಲಿತ್ತು. ಕೊಚಿನೀಲ್ ಬಣ್ಣವಂತೂ ಬೆಳ್ಳಿಯ ನಂತರ ಆ ನಾಡಿನಿಂದ ಯೂರೋಪಿಗೆ ಹೋದ ಅತಿ ಬೆಲೆಯುಳ್ಳ ಸರಕುಗಳಲ್ಲೊಂದಾಯಿತು. 1978ರಲ್ಲಿ ಮೆಕ್ಸಿಕೊ ನಗರದ ನಡುವೆ ವಿದ್ಯುತ್ ಕೆಲಸಗಾರರು ನೆಲ ಅಗೆಯುವಾಗ ದೇವತಾಶಿಲ್ಪವೊಂದು ಸಿಕ್ಕಿತು. ಅದನ್ನು ಹಿಂಬಾಲಿಸಿ ನಡೆದ ಉತ್ಖನನದಲ್ಲಿ ಟೆನೊಚ್ಟಿಟ್ಲಾನ್‌ನ ಮಹಾದೇವಾಲಯದ ತಳಹದಿಯಲ್ಲಿ ಕಡಲ ಚಿಪ್ಪು, ಹವಳ, ಪಚ್ಚೆಕಲ್ಲುಗಳ ಕಾಣಿಕೆಗಳು ಹೊರಬಂದುವು. ಎರಡು ಸಾಗರಗಳ ದಂಡೆಯಿಂದ ಮನುಷ್ಯರ ಬೆನ್ನಿನ ಮೇಲೆ ಬಂದ ಸರಕುಗಳವು.

ಕರ್ನಾಟಕದ ಪೇಟೆಗಳಿಗೂ ಆ ನಾಡಿಗೂ ಇರುವ ನಂಟು ಸಣ್ಣದಲ್ಲ. ಟೊಮೆಟೊ, ಚಾಕೊಲೇಟ್ ಎಂಬ ಹೆಸರುಗಳ ಮೂಲ ಅಜ್ಟೆಕ್ ಜನರ ಭಾಷೆಯಲ್ಲಿದೆ. ಸಪೋಟ, ಚಿಕ್ಕು ಎಂಬ ಎರಡು ಹೆಸರುಗಳೂ ಅಲ್ಲಿಂದಲೇ ಬಂದುವು. ಮೆಕ್ಸಿಕೊ ಮೂಲದ ಮೆಣಸಿನಕಾಯಿ ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ಪಶ್ಚಿಮ ಕರಾವಳಿಗೆ ಬಂದು, ಇಲ್ಲಿಯ ಮೆಣಸಿನ ಹೆಸರನ್ನೇ ಹೊತ್ತು ಕನ್ನಡದ್ದಾಯಿತು. ಹಾವೇರಿ ಜಿಲ್ಲೆಯ ಬ್ಯಾಡಗಿಯ ಮಾರುಕಟ್ಟೆ ಇಂದು ಮೆಣಸಿನಕಾಯಿಯ ಬಣ್ಣಕ್ಕೆ ಹೆಸರಾಗಿದ್ದು, ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅಂದು ಪೊಚ್ಟೆಕಾಗಳು ಹೊತ್ತು ತಿರುಗಿದ ಕೋಕೋ ಇಂದು ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಉಪಬೆಳೆ. 1973ರಲ್ಲಿ ಸ್ಥಾಪಿತವಾದ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು.

ಟ್ಲಾಟೆಲೋಲ್ಕೊ ಪೇಟೆಯ ಕಥೆಯಲ್ಲಿ ಎರಡು ಬಗೆಯ ಬಲಗಳು ಎದುರುಬದುರಾಗಿ ನಿಂತಿವೆ. ಒಂದು ಸುಳ್ಳು ಅಳತೆಯನ್ನು ಎಲ್ಲರೆದುರು ಒಡೆಯುವ ಬಲ. ಅದರಿಂದ ಅಪರಿಚಿತರೂ ಒಬ್ಬರನ್ನೊಬ್ಬರು ನಂಬಿ ವ್ಯವಹರಿಸಿದರು, ಒಡೆಯಬಹುದಾದ ಒಂದು ಬೀಜ ಹಣವಾಗಿ ನಿಂತಿತು. ಮತ್ತೊಂದು ನೆರೆಯವನ ಉಪ್ಪಿನ ದಾರಿಯನ್ನು ಮುಚ್ಚುವ ಬಲ. ಅದರಿಂದ ಒಂದಿಡೀ ಜನಾಂಗ ಹಗೆಯಾಗಿ ಕಾದು ಕುಳಿತಿತು. ಮೊದಲನೆಯದು ಕಟ್ಟಿಕೊಟ್ಟುದು ಇಂದಿಗೂ ಮೆಕ್ಸಿಕೊದ ಬೀದಿಗಳಲ್ಲಿ ವಾರಕ್ಕೊಮ್ಮೆ ಸೇರುತ್ತಿದೆ. ಎರಡನೆಯದು ಕಟ್ಟಿದ ಸಾಮ್ರಾಜ್ಯ ಒಕ್ಕೂಟವಾಗಿ ನೂರು ವರ್ಷ ತುಂಬುವ ಮೊದಲೇ ಮುಗಿದುಹೋಯಿತು.